ನೀಲಗಿರಿ ಬೊಡ್ಡೆ ಕೀಳುವ ಕೆಲಸ: ಅನುಭವದ ನಾಲ್ಕು ಮಾತು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳ್ಳಿ ಹಬ್ಬದ ದಿವಸ ಸಾಧನೆ ಹೇಳಿಕೊಳ್ಳುವುದು ವಾಡಿಕೆ. ನಾವು ನಮ್ಮದೇ ತಪ್ಪಿನಿಂದ ಮಾತು ಶುರು ಮಾಡುತ್ತೇವೆ. ನಮ್ಮ ಹೊಲಗಳಲ್ಲಿ ನೀಲಗಿರಿ ನೆಟ್ಟವರು ಹೊರಗಿನವರಲ್ಲ, ನಾವೇ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಸಸಿಗಳು ಬಂದವು. ಮಳೆ ನಂಬಿ ರಾಗಿ ಬಿತ್ತಿ ಕೈ ಸುಟ್ಟುಕೊಂಡಿದ್ದ ಕಾಲ. ಆಳು ಬೇಡ, ಕಾವಲು ಬೇಡ, ದನ ಮುಟ್ಟೋದಿಲ್ಲ, ಏಳೆಂಟು ವರ್ಷಕ್ಕೆ ಕಡಿದರೆ ಕೈಗೆ ಕಾಸು. ಬೇಡ ಅನ್ನೋರು ಯಾರು?

ನಮ್ಮ ಕೆರೆ ಪಾಲಾರ್ ಹೊಳೆಗೆ ಕಟ್ಟಿದ್ದು. ಚಿನ್ನದ ಗಣಿ ಊರಿಗೆ ಕುಡಿಯುವ ನೀರು ಕೊಟ್ಟದ್ದು. ನೀರು ಪಾತಾಳಕ್ಕೆ ಇಳಿದದ್ದಕ್ಕೆ ನೀಲಗಿರಿ ಒಂದೇ ಕಾರಣ ಅಂದರೆ ನ್ಯಾಯವಲ್ಲ. ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿದವರೂ ನಾವೇ. ಆದರೆ ತೋಪಿನ ಪಕ್ಕದ ಹೊಲದಲ್ಲಿ ಬೆಳೆ ಸೊರಗಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದೇವೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಮರ ಕಡಿದರೆ ಕೆಲಸ ಮುಗಿಯಿತೇ? ಇಲ್ಲ. ಬೊಡ್ಡೆ ಉಳಿದರೆ ಮಳೆ ಬಿದ್ದ ತಕ್ಷಣ ಸುತ್ತಲೂ ಚಿಗುರುತ್ತದೆ. ಒಂದು ಮರ ಇದ್ದ ಕಡೆ ನಾಲ್ಕು ಕೊಂಬೆ ಏಳುತ್ತವೆ. ಬೊಡ್ಡೆ ಕೀಳಲೇಬೇಕು. ಹಾರೆ, ಗುದ್ದಲಿ, ಕೊಡಲಿ ಹಿಡಿದು ಆಳು ಇಟ್ಟು ಕೀಳಿಸೋದು ಕೈಗೆ ಎಟುಕುವುದಿಲ್ಲ. ಅದಕ್ಕೇ ಸಣ್ಣ ಜೆ.ಸಿ.ಬಿ.

ಇಲ್ಲಿ ನಾವು ಮಾಡಿದ ಎರಡನೇ ತಪ್ಪು ಕೇಳಿ. ಮರ ತೂಕಕ್ಕೆ ಮಾರುವಾಗ ಒಂದು ಗೇಣೂ ಬಿಡಬಾರದು ಅಂತ ನೆಲಮಟ್ಟಕ್ಕೆ ಕೊಯ್ಸಿದೆವು. ಆಮೇಲೆ ಮಿಷಿನ್ನಿಗೆ ಹಿಡಿಯೋದಕ್ಕೆ ಏನೂ ಇಲ್ಲ! ಗಂಟೆ ಲೆಕ್ಕದ ಬಾಡಿಗೆ ಏರುತ್ತಾ ಹೋಯಿತು. ಸೌದೆಯಲ್ಲಿ ಉಳಿಸಿದ್ದು ಬಾಡಿಗೆಯಲ್ಲಿ ಹೋಯಿತು. ಆದ್ದರಿಂದ ಮೂರು ನಾಲ್ಕು ಅಡಿ ಕಾಂಡ ಬಿಟ್ಟೇ ಕೊಯ್ಸಿ. ಸನ್ನೆಗೋಲು ಇದ್ದ ಹಂಗೆ, ಮೇಲೆ ಹಿಡಿದು ಎಳೆದರೆ ಬೇರು ಬೇಗ ಸಡಿಲವಾಗುತ್ತದೆ.

ಸಣ್ಣ ಮಿಷಿನ್ನು ಮೊದಲೇ ಬೊಡ್ಡೆ ಎತ್ತಲು ಹೋಗಬಾರದು. ಕಾಲುಗಳನ್ನು ಗಟ್ಟಿ ನೆಲದಲ್ಲಿ ಊರಬೇಕು. ಮೇಲುಮಣ್ಣು ಒಂದು ಕಡೆ ಬೇರೆಯಾಗಿ ಹಾಕಿ, ಮೂರು ಕಡೆ ಅಗೆದು, ಬಕೆಟ್ಟಿನ ಹಲ್ಲಿನಿಂದ ಪಕ್ಕದ ಬೇರು ಒಂದೊಂದಾಗಿ ಕತ್ತರಿಸಬೇಕು. ಕೊನೆಗೆ ಎಳೆಯಬೇಕು. ಮಳೆ ಬಿದ್ದು ನೆಲ ಹದವಾದಾಗ ಕೆಲಸ ಹಗುರ. ಕೆಸರಿನಲ್ಲಿ ಮಾತ್ರ ಬೇಡ. ಬೊಡ್ಡೆಯ ಮಣ್ಣು ಅಲ್ಲೇ ಉದುರಿಸಿ. ಗುಂಡಿಯನ್ನು ಪದರ ಪದರವಾಗಿ ತುಂಬಿ ಗಟ್ಟಿಮಾಡಿ, ಮೇಲುಮಣ್ಣು ಮೇಲಕ್ಕೇ ಬರಲಿ. ಇಲ್ಲವಾದರೆ ಮುಂದಿನ ಮಳೆಗೆ ನೆಲ ಕುಸಿದು ಎತ್ತಿನ ಕಾಲು ಸಿಕ್ಕೀತು.

ಮೂರು ಎಚ್ಚರಿಕೆ. ತೋಳು ತಿರುಗುವಷ್ಟು ದೂರದೊಳಗೆ ಮಕ್ಕಳು, ದೊಡ್ಡವರು ಯಾರೂ ನಿಲ್ಲಬಾರದು. ಬೋರ್‌ವೆಲ್ ಪೈಪು, ಕೇಬಲ್ಲು ಎಲ್ಲಿದೆ ಅಂತ ಮಾಲೀಕರೇ ನಿಂತು ತೋರಿಸಬೇಕು. ಕೆರೆ ಏರಿ, ಬಾವಿ ದಂಡೆ ಮೇಲಿನ ಬೊಡ್ಡೆಗೆ ತಿಳಿದವರನ್ನು ಕೇಳದೆ ಕೈ ಹಾಕಬೇಡಿ. ಬೇರು ಬಂದ ಸಂದಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ಕಿತ್ತ ಬೊಡ್ಡೆಯನ್ನು ರಾಜಕಾಲುವೆಗೆ ತಳ್ಳಿದರೆ ಒಂದು ಪಾಪ ಕಳೆಯಲು ಹೋಗಿ ಇನ್ನೊಂದು ಕಟ್ಟಿಕೊಂಡಂತೆ.

ಒಬ್ಬರೇ ಕರೆಸಿದರೆ ಮಿಷಿನ್ನು ಬಂದು ಹೋಗುವ ಖರ್ಚೂ ಅವರ ಮೇಲೆಯೇ. ಪಕ್ಕಪಕ್ಕದ ಹೊಲದವರು ಒಟ್ಟಾಗಿ ಕರೆಸಿದರೆ ಹಂಚಿಹೋಗುತ್ತದೆ. ಸಹಕಾರ ಅಂದರೆ ಇದೇ ಅಲ್ಲವೇ? ಆದರೆ ಬದುವಿನ ಹೊಂಗೆ, ಹುಣಸೆ, ಬೇವು ಮುಟ್ಟಬೇಡಿ. ಬಯಲಾದ ನೆಲಕ್ಕೆ ಕೊಟ್ಟಿಗೆ ಗೊಬ್ಬರ, ಕೆರೆ ಗೋಡು ಹಾಕಿ, ಮೊದಲು ಹುರುಳಿ, ಅವರೆ ಬಿತ್ತಿ ನೆಲಕ್ಕೆ ಉಸಿರು ಕೊಡಿ.

ನೆಟ್ಟವರು ನಾವು, ಕೀಳಬೇಕಾದವರೂ ನಾವು. ಆ ಭಾರ ಮಕ್ಕಳಿಗೆ ಬಿಟ್ಟು ಹೋಗುವುದು ಬೇಡ.