ಅರೆನೆರಳು



ಬೆಳಕೂ ಅಲ್ಲದ, ಪೂರ್ತಿ ಕತ್ತಲೆಯೂ ಅಲ್ಲದ ಒಂದು ಎಡೆಗೆ ಕನ್ನಡದಲ್ಲಿ ‘ಅರೆನೆರಳು’ ಎಂಬ ಪದವಿದೆ. ಇದಕ್ಕೆ ಸಂವಾದಿಯಾದ ‘ಪೆನಂಬ್ರ’ ಎಂಬ ಶಬ್ದವನ್ನು 1604ರಲ್ಲಿ ಟಂಕಿಸಿದವನು ಖಗೋಳವಿಜ್ಞಾನಿ ಕೆಪ್ಲರ್. ಲ್ಯಾಟಿನ್ನಿನ ‘ಪೇನೆ’ ಎಂದರೆ ಬಹುಮಟ್ಟಿಗೆ; ‘ಉಂಬ್ರ’ ಎಂದರೆ ನೆರಳು. ನಮ್ಮ ‘ಅರೆ’ಯೂ ಸರಿಯಾಗಿ ಅರ್ಧವೆಂದು ಅಳೆದು ಹೇಳಿದ ಮಾತಲ್ಲ. ಅರೆಬೆಂದ ಅನ್ನವನ್ನು, ಅರೆನಿದ್ದೆಯನ್ನು ತೂಗಿ ನೋಡಿದವರುಂಟೆ?

ಸೂರ್ಯನು ಒಂದು ಚುಕ್ಕೆಯಾಗಿದ್ದರೆ ಅರೆನೆರಳೇ ಇರುತ್ತಿರಲಿಲ್ಲ. ಆಕಾಶದಲ್ಲಿ ಅವನ ಬಿಂಬ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ. ಗೋಡೆಗೆ ಹತ್ತಿರ ಹಿಡಿದ ಕೈಯ ನೆರಳು ಸ್ಫುಟವಾಗಿರುತ್ತದೆ. ಮಾಳಿಗೆಯಿಂದ ಚಾಚಿದ ಕೈಯ ನೆರಳು ಅಂಗಳದಲ್ಲಿ ಅಂಚು ಕರಗಿ ಬೀಳುತ್ತದೆ. ಆ ಅಂಚಿನಲ್ಲಿ ಹರಿಯುವ ಇರುವೆಯ ಪಾಲಿಗೆ ಸೂರ್ಯನ ಒಂದು ತುಣುಕು ಇನ್ನೂ ಮರೆಯಾಗಿರುವುದಿಲ್ಲ. 1980ರ ಫೆಬ್ರವರಿ 16ರ ಗ್ರಹಣದಲ್ಲಿ ಹುಬ್ಬಳ್ಳಿ, ರಾಯಚೂರುಗಳು ಚಂದ್ರನ ಪೂರ್ಣ ನೆರಳಿಗೆ ಸಿಕ್ಕಿದುವು. ಬೆಂಗಳೂರು ಉಳಿದದ್ದು ಅರೆನೆರಳಿನಲ್ಲಿ.

ಈ ಪದ ನ್ಯಾಯಾಲಯವನ್ನೂ ಹೊಕ್ಕಿತು. ದಂಪತಿಗಳೂ ಸಂತಾನನಿರೋಧ ಸಾಧನಗಳನ್ನು ಬಳಸಬಾರದೆಂಬ ಕನೆಕ್ಟಿಕಟ್ ರಾಜ್ಯದ ಕಾನೂನನ್ನು 1965ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಸಂವಿಧಾನದಲ್ಲಿ ಬರೆದಿಟ್ಟ ಹಕ್ಕುಗಳ ಸುತ್ತ ಅರೆನೆರಳುಗಳಿವೆಯೆಂದೂ ಖಾಸಗಿ ಬದುಕಿನ ಹಕ್ಕಿಗೆ ಅಲ್ಲಿ ಆಸರೆಯಿದೆಯೆಂದೂ ನ್ಯಾಯಮೂರ್ತಿ ಡಗ್ಲಸ್ ಬರೆದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ನಮ್ಮ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಹಕ್ಕನ್ನು ಜೀವಿಸುವ ಹಕ್ಕಿನ ಒಡಲಿನಲ್ಲೇ ಕಂಡರು.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ವೈದ್ಯರ ಪ್ರಯೋಗ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ನಡುವಿನ ಭಾಗ ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತದೆ. ಅದರ ಸುತ್ತಲಿನದು ಕೆಲಸ ನಿಲ್ಲಿಸಿದರೂ ಜೀವ ಬಿಟ್ಟಿರುವುದಿಲ್ಲ. ಅದನ್ನು 1981ರಲ್ಲಿ ಆಸ್ಟ್ರುಪ್ ಮತ್ತು ಅವರ ಸಂಗಡಿಗರು ತಮ್ಮ ಲೇಖನವೊಂದರಲ್ಲಿ ಅರೆನೆರಳೆಂದೇ ಕರೆದರು. ರಕ್ತ ಬೇಗ ಮರಳಿ ಹರಿದರೆ ಅದು ಚೇತರಿಸಿಕೊಳ್ಳಬಲ್ಲುದು.

ಅರೆಮನಸ್ಸು, ಅರೆಜ್ಞಾನ ಎಂದು ನಾವು ‘ಅರೆ’ಯನ್ನು ಹಳಿಯಲು ಬಳಸುತ್ತೇವೆ. ಇಲ್ಲಿ ಮಾತ್ರ ‘ಅರೆ’ ಎಂದರೆ ಇನ್ನೂ ಉಳಿಸಿಕೊಳ್ಳಬಹುದಾದದ್ದು. ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಆ ಅರೆನೆರಳು ಪೂರ್ತಿ ನೆರಳಾಗಲು ಬಹಳ ಹೊತ್ತು ಹಿಡಿಯುವುದಿಲ್ಲ.