ಮಣ್ಣಿಗೂ ದಾಸೋಹ ಬೇಕು

(ಕನಕಪುರದಲ್ಲಿ ಮಾಡಿದ ಉಪನ್ಯಾಸ)



ಸರ್ಕಾರಿ ಎಂಜಿನಿಯರ್ ಆಗಿದ್ದವನು ನಾನು, ಲೆಕ್ಕದಿಂದಲೇ ಆರಂಭಿಸುತ್ತೇನೆ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಮಣ್ಣು ಸಡಿಲವಾಗಿದ್ದರೆ ನೀರು ಒಳಗಿಳಿಯುತ್ತದೆ. ಗಟ್ಟಿಯಾಗಿದ್ದರೆ ಮೇಲ್ಮಣ್ಣನ್ನೂ ಎಳೆದುಕೊಂಡು ಹರಿದುಹೋಗುತ್ತದೆ. ಒಂದು ಮಿಲಿಮೀಟರ್ ಮಣ್ಣು ಹೋದರೂ ಎಕರೆಗೆ ಸುಮಾರು 5 ಟನ್ ಹೋದಂತೆ. ನಮ್ಮ ಕಡೆಯ ಇಳಿಜಾರು ಕೆಮ್ಮಣ್ಣಿನ ಹೊಲಗಳಲ್ಲಿ ಈ ನಷ್ಟ ತಕ್ಷಣ ಕಾಣುವುದಿಲ್ಲ. ಯೂರಿಯಾ ಚೀಲ ಹೆಚ್ಚಿಸಿದರೂ ಇಳುವರಿ ಏರದಿದ್ದಾಗ ತಿಳಿಯುತ್ತದೆ.

ನಮ್ಮ ಮನೆಯ 4 ಎಕರೆಯಲ್ಲೂ ಹೀಗೇ ಆಯಿತು. ಸಾಲ ಬೆಳೆಯಿತು. ಬೆಂಗಳೂರಿನವರು ಫಾರ್ಮ್‌ಹೌಸಿಗೆಂದು ಜಮೀನು ಕೇಳಿದರು. ಮಾರಿಬಿಡೋಣ ಎಂದ ತಮ್ಮ. ಸಾವಯವ ಎಂದರೆ ಹೆದರಿದ. ಅವನ ಹೆದರಿಕೆ ನ್ಯಾಯವೇ. ಹೊಲದಲ್ಲಿ ದುಡಿಯುವವನು ಅವನು, ಪಿಂಚಣಿ ಬರುವುದು ನನಗೆ. ಆದ್ದರಿಂದ ಮೊದಲು ಒಂದೇ ಎಕರೆ ಹಿಡಿದೆವು.

ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ ಅದರ ಮೇಲೆ ಹೊಂಗೆ, ಗ್ಲಿರಿಸಿಡಿಯಾ ನೆಟ್ಟೆವು. ಸೆಣಬು ಬಿತ್ತಿ, ಹೂ ಬರುವಾಗ ಉತ್ತು ಮಣ್ಣಿಗೆ ಸೇರಿಸಿದೆವು. ರಾಗಿಯ ನಡುವೆ ಹಿರಿಯರ ಅಕ್ಕಡಿ ಸಾಲು ಮರಳಿತು: ಅವರೆ, ತೊಗರಿ, ಹುಚ್ಚೆಳ್ಳು. ರೇಷ್ಮೆಹುಳುವಿನ ಹಿಕ್ಕೆ ತಿಪ್ಪೆ ಸೇರಿತು. ಎಕರೆಗೆ 200 ಲೀಟರ್ ನೀರಿನಲ್ಲಿ 10 ಕಿಲೋ ಸಗಣಿ, ಗಂಜಲ, ತಲಾ 2 ಕಿಲೋ ಬೆಲ್ಲ ಮತ್ತು ಕಾಳಿನ ಹಿಟ್ಟು ಕಲಸಿ ಜೀವಾಮೃತ ಕೊಟ್ಟೆವು. ಇದರಲ್ಲಿ ಪವಾಡವೇನೂ ಇಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಊಟ, ಅಷ್ಟೇ.

ಮೊದಲ ಎರಡು ವರ್ಷ ರಾಗಿ ಕಡಿಮೆಯೇ ಬಂತು. ಮೂರನೆಯ ವರ್ಷ ಮಳೆ ಕೈಕೊಟ್ಟಾಗ ಉಳಿದ ಹೊಲ ಬಾಡಿದರೂ ಆ ಎಕರೆಯ ಪೈರು ತಡೆದುಕೊಂಡಿತು. ಅದನ್ನು ಕಂಡು ತಮ್ಮನೇ ಉಳಿದ ಮೂರು ಎಕರೆಗೂ ಸೆಣಬು ಬಿತ್ತಿದ. ಮಾರುವ ಮಾತು ನಿಂತಿತು.

ದೊಡ್ಡಬಳ್ಳಾಪುರ ತಾಲ್ಲೂಕಿನ ಎಲ್. ನಾರಾಯಣ ರೆಡ್ಡಿಯವರು ರಾಸಾಯನಿಕ ಕೃಷಿ ಬಿಟ್ಟು ಸಾವಯವಕ್ಕೆ ಬಂದವರು. 2019ರಲ್ಲಿ ಅಗಲುವವರೆಗೂ ರೈತರಿಗೆ ಮಣ್ಣಿನ ಪಾಠ ಹೇಳಿದರು. ನಮ್ಮ ರಾಜ್ಯ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ಆದರೂ ಆ ಎರಡು ವರ್ಷದ ನಷ್ಟ ಹೊರುವವರು ಯಾರು? ಸಾಲಗಾರ ರೈತರೆಲ್ಲರಿಗೂ ಪಿಂಚಣಿ ಬರುವ ಅಣ್ಣ ಇರುವುದಿಲ್ಲ.

ಒಕ್ಕಲಿಗ ಮುದ್ದಣ್ಣನವರು ಬೇಸಾಯವನ್ನೇ ಕಾಯಕ ಮಾಡಿಕೊಂಡ ಶರಣರು. ಕಾಯಕದ ಫಲವನ್ನು ಹಂಚುವುದು ದಾಸೋಹವಾದರೆ, ಕಾಯಕ ಮಾಡುವವನ ಕಷ್ಟವನ್ನು ಹಂಚಿಕೊಳ್ಳುವುದೂ ದಾಸೋಹವೇ. ಮಠಗಳ ದಾಸೋಹ ಮನೆಗಳು, ಮದುವೆ ಮಾಡುವ ನಮ್ಮ ಕುಟುಂಬಗಳು ಇಂಥ ರೈತರ ರಾಗಿ, ಅವರೆಗೆ ಬಿತ್ತನೆಗೆ ಮೊದಲೇ ಬೆಲೆ ಮಾತಾಡಿ ಕೊಳ್ಳಲಿ. ಜಮೀನಿರುವ ಮಠಗಳು ಒಂದೊಂದು ಎಕರೆಯಲ್ಲಿ ಮಾಡಿ ತೋರಿಸಲಿ. ಕಣ್ಣಾರೆ ಕಂಡರೆ ಅಕ್ಕಪಕ್ಕದ ಹೊಲದವರೂ ಬರುತ್ತಾರೆ.