ಕಸದ ಲಾರಿ ಎಲ್ಲಿ ನಿಲ್ಲುತ್ತದೆ?



ಪರಿಸರವನ್ನು ಕೆಡಿಸುವವರು ಬಡವರೇ ಎಂಬ ಮಾತನ್ನು ನಾವು ಪಟ್ಟಣಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಕೊಳೆಗೇರಿಯ ಚರಂಡಿಯನ್ನೂ ಸೌದೆ ಒಲೆಯ ಹೊಗೆಯನ್ನೂ ಅದಕ್ಕೆ ಸಾಕ್ಷಿಯಾಗಿ ತೋರಿಸಲಾಗುತ್ತದೆ. ಆದರೆ ಲೆಕ್ಕವು ಬೇರೆಯನ್ನೇ ಹೇಳುತ್ತದೆ. ಆಕ್ಸ್‌ಫಾಮ್ ಸಂಸ್ಥೆಯ 2020ರ ವರದಿಯ ಪ್ರಕಾರ, 1990ರಿಂದ 2015ರ ವರೆಗೆ ಜಗತ್ತು ಹೊರಬಿಟ್ಟ ಇಂಗಾಲದಲ್ಲಿ ಶೇ. 52ರಷ್ಟು ಅತಿ ಶ್ರೀಮಂತರಾದ ಶೇ. 10 ಮಂದಿಯದು. ಜಗತ್ತಿನ ಅರ್ಧದಷ್ಟಿರುವ ಬಡವರ ಪಾಲು ಕೇವಲ ಶೇ. 7.

ದೇಶವು ಶ್ರೀಮಂತವಾದಂತೆ ಮಾಲಿನ್ಯವು ಮೊದಲು ಏರಿ ಬಳಿಕ ತಾನಾಗಿ ಇಳಿಯುತ್ತದೆಂಬ ವಾದವೊಂದು 1990ರ ದಶಕದಲ್ಲಿ ಪ್ರಚಾರ ಪಡೆಯಿತು. ಅದಕ್ಕೆ ಸೈಮನ್ ಕುಜ್ನೆಟ್ಸ್‌ರ ಹೆಸರನ್ನಿಟ್ಟರು. ಪಾಪ, 1955ರಲ್ಲಿ ಅವರು ಮಾತಾಡಿದ್ದು ವರಮಾನದ ಅಂತರದ ಕುರಿತು, ಹೊಗೆಯ ಕುರಿತಲ್ಲ! ಅರ್ಥಶಾಸ್ತ್ರಜ್ಞ ಜೇಮ್ಸ್ ಬಾಯ್ಸ್ 1994ರಲ್ಲಿ ನೇರವಾದ ಪ್ರಶ್ನೆಯನ್ನೆತ್ತಿದರು: ಮಾಲಿನ್ಯದ ಲಾಭ ಯಾರಿಗೆ, ನಷ್ಟ ಯಾರಿಗೆ? ಲಾಭ ಪಡೆಯುವವನು ಬಲಾಢ್ಯನೂ ನಷ್ಟ ಹೊರುವವನು ದುರ್ಬಲನೂ ಆಗಿದ್ದರೆ ತಡೆಯುವವರು ಯಾರೂ ಇರುವುದಿಲ್ಲ. ಮಾಲಿನ್ಯ ಬೆಳೆಯುತ್ತಲೇ ಹೋಗುತ್ತದೆ.

ಇದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರದಲ್ಲೂ ಮಂಡೂರಿನಲ್ಲೂ ಸುರಿಯಲಾಯಿತು. 2012ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿದಾಗ ಅದರ ಹೊರೆಯೂ ಮಂಡೂರಿನ ಮೇಲೆ ಬಿತ್ತು. ಕಸವನ್ನು ಕಡಿಮೆ ಮಾಡಬೇಕೆಂದು ನಗರಕ್ಕೆ ಅವಸರವಿರಲಿಲ್ಲ, ಏಕೆಂದರೆ ದುರ್ನಾತ ನಗರದ ಮೂಗಿಗೆ ತಟ್ಟುತ್ತಿರಲಿಲ್ಲ. 2014ರಲ್ಲಿ ಮಂಡೂರಿನ ಜನ ಲಾರಿಗಳನ್ನು ತಡೆದರು. ಆ ಡಿಸೆಂಬರ್‌ನಿಂದ ಅಲ್ಲಿ ಸುರಿಯುವುದನ್ನು ನಿಲ್ಲಿಸಲಾಯಿತು. ಮರುವರ್ಷದ ಡಿಸೆಂಬರ್‌ನಲ್ಲಿ ಹಸಿ ಕಸ, ಒಣ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೈಕೋರ್ಟು ಆದೇಶಿಸಿತು. ಹಳ್ಳಿಗರ ಪ್ರತಿರೋಧಕ್ಕೂ ನಗರದ ಶಿಸ್ತಿಗೂ ನಂಟಿದೆಯೆಂದೇ ನಮ್ಮ ಅಭಿಪ್ರಾಯ. ಆದರೂ ಬೇರ್ಪಡಿಸದೆ ಉಳಿದ ಕಸವು ಬೆಳ್ಳಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳತ್ತ ಹೊರಳಿತು.

"ಬಡವರು ಕಸದ ಗುಡ್ಡೆಯ ಬಳಿ ಏಕೆ ಮನೆ ಕಟ್ಟಿಕೊಂಡರು?" ಎಂದು ಕೆಲವರು ಕೇಳುತ್ತಾರೆ. ಕೈಗೆಟಕುವ ನೆಲ ಅಲ್ಲಿ ಮಾತ್ರ ಸಿಗುತ್ತದೆ, ಅದಕ್ಕೇ. ಮುಂಬಯಿಯ ದೇವನಾರ್‌ನಲ್ಲಿ 1927ರಿಂದ ಕಸ ಬೀಳುತ್ತಿದೆ. ಅದರ ಮಗ್ಗುಲಿನ ಗೋವಂಡಿಯಲ್ಲಿ ಕೂಲಿಕಾರರೂ ಚಿಂದಿ ಆಯುವವರೂ ಅಪಾರ ಸಂಖ್ಯೆಯಲ್ಲಿದ್ದಾರೆ, ಬಹಳ ಮಂದಿ ಮುಸ್ಲಿಮರು. ನಗರದ ಬೇರೆಡೆಗಳಿಂದ ಎಬ್ಬಿಸಿದ ಅನೇಕ ಕುಟುಂಬಗಳನ್ನು ಅಲ್ಲಿಗೆ ತಂದು ನೆಲೆಗೊಳಿಸಿದ್ದು ಆಡಳಿತವೇ. 2016ರ ಜನವರಿಯಲ್ಲಿ ಆ ಗುಡ್ಡೆಗೆ ಬೆಂಕಿ ಬಿದ್ದಾಗ ಹೊಗೆಯು ಮುಂಬಯಿಯ ಮೇಲೆ ಕವಿಯಿತು, ಶಾಲೆಗಳಿಗೆ ರಜೆ ಸಾರಲಾಯಿತು, ದೇಶದ ಪತ್ರಿಕೆಗಳೆಲ್ಲ ಬರೆದವು. ಅದಕ್ಕೂ ಮೊದಲು ಅಲ್ಲಿ ಹತ್ತಿ ಆರಿದ ಬೆಂಕಿಗಳ ಹೊಗೆಯನ್ನು ಗೋವಂಡಿಯ ಗಲ್ಲಿಗಳು ಉಂಡಿದ್ದವು.